ಕುದ್ಮುಲ್ ರಂಗರಾಯರು

ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಸೀಮೆಯಲ್ಲಿ 1859ನೆಯ ಇಸವಿ ಜೂನ್ 29ರಂದು ರಂಗರಾಯರು ಜನಿಸಿದರು. ಸಾರಸ್ವತ ಬ್ರಾಹ್ಮಣ ಕುಟುಂಬ. ಕುದ್ಮುಲ್ ಎಂಬುದು ಮನೆತನದ ಹೆಸರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮಂಗಳೂರಿಗೆ ಬಂದು, ಅಲ್ಪ ಸಂಬಳದ ಉಪಾಧ್ಯಾಯರಾಗಿ ದುಡಿಯುತ್ತಲೇ ಓದನ್ನು ಮುಂದುವರಿಸಿ, ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಊರಿನಲ್ಲಿ ಗೌರವ, ಕೈಯಲ್ಲಿ ಒಳ್ಳೆಯ ವೃತ್ತಿ, ಇವೆಲ್ಲವೂ ಅವರಿಗೆ ದೊರೆತವು. ಅಷ್ಟರಲ್ಲಿಯೇ ತೃಪ್ತರಾಗಿ ಇದ್ದಿದ್ದರೆ ನಾವು ಇಂದು ಅವರನ್ನು ನೆನೆಯುವ ಕಾರಣವೇ ಇರುತ್ತಿರಲಿಲ್ಲ.

ಬೊರಿವಲಿಯ ನಮ್ಮ ಸಹಪಾಠಿಗಳಲ್ಲಿ ಅನೇಕರ ಅಜ್ಜ ಅಜ್ಜಿಯರು ಅದೇ ಜಿಲ್ಲೆಯಿಂದ ಮುಂಬಯಿಗೆ ಬಂದವರು. ಅವರು ಬಿಟ್ಟುಬಂದ ಊರು ಅಂದು ಹೇಗಿತ್ತೆಂಬುದನ್ನು ತಿಳಿಯದೆ ರಾಯರ ಕಾರ್ಯದ ಬೆಲೆಯನ್ನು ಅರಿಯುವುದು ಸಾಧ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತುಳುನಾಡಿನ ದಲಿತರಿಗೆ ಊರ ಬಾವಿಯ ನೀರು ಇಲ್ಲ, ದೇವಾಲಯದ ಅಂಗಳವಿಲ್ಲ, ಶಾಲೆಯ ಜಗಲಿಯೂ ಇಲ್ಲ. ಹಲವರು ಒಡೆಯನ ಭೂಮಿಗೆ ಅಂಟಿಕೊಂಡ ಮೂಲದಾಳುಗಳು. ದುಡಿಮೆಗೆ ದೊರೆಯುತ್ತಿದ್ದುದು ಹಣವಲ್ಲ, ಅಳೆದುಕೊಟ್ಟ ಭತ್ತ. ಕೊರಗರ ಸ್ಥಿತಿಯಂತೂ ಹೇಳಲು ನಾಲಿಗೆ ಹಿಂಜರಿಯುವಂಥದು. ಉಳ್ಳವರ ರೋಗ, ದೋಷಗಳು ಕಳೆಯಲೆಂದು ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುವ ಪದ್ಧತಿಯೊಂದು ಇತ್ತು. ಅದಕ್ಕೆ ಅಜಲು ಎಂದು ಹೆಸರು.

ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯನವರೂ ಬಿಲ್ಲವ ಮುಂದಾಳು ಅರಸಪ್ಪನವರೂ ಕೂಡಿ 1870ರಲ್ಲಿ ಬ್ರಹ್ಮಸಮಾಜವನ್ನು ಸ್ಥಾಪಿಸಿದ್ದರು. ರಂಗರಾಯರು ಆ ಸಮಾಜವನ್ನು ಸೇರಿದರು. ಎಲ್ಲರೂ ಒಬ್ಬನೇ ದೇವರ ಮಕ್ಕಳೆಂದು ಪ್ರಾರ್ಥನೆಯಲ್ಲಿ ಹೇಳಿ ಮನೆಗೆ ಹೋಗುವುದು ಅವರಿಗೆ ಸಾಲದಾಯಿತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆಯ ಮನೆಯನ್ನು ಹಿಡಿದು ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು.

ಇಲ್ಲಿಂದ ರಾಯರ ಕಷ್ಟಗಳು ಆರಂಭವಾದವು. ಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕರು ಬರಲಿಲ್ಲ, ಅಗಸರು ಬಟ್ಟೆ ಮುಟ್ಟಲಿಲ್ಲ. ಮೇಲ್ಜಾತಿಯ ಉಪಾಧ್ಯಾಯರು ಆ ಮಕ್ಕಳ ಮುಂದೆ ನಿಲ್ಲಲು ಒಪ್ಪದ ಕಾರಣ ಕ್ರೈಸ್ತ ಉಪಾಧ್ಯಾಯರನ್ನು ಕರೆತರಬೇಕಾಯಿತು. ವಿರೋಧದಿಂದಾಗಿ ಶಾಲೆಯ ಸ್ಥಳವನ್ನೂ ಬದಲಿಸಬೇಕಾಯಿತು. ಆದರೂ 1897ರಲ್ಲಿ ಅವರು ಈ ಕೆಲಸಕ್ಕೆ ಒಂದು ಸಂಸ್ಥೆಯ ರೂಪವನ್ನು ಕೊಟ್ಟರು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಊರವರ ಬಾಯಿಯಲ್ಲಿ ಡಿ.ಸಿ.ಎಂ.

ನಿಜವಾದ ಅಡಚಣೆ ಮಾತ್ರ ವಿರೋಧಿಗಳಿಂದ ಬಂದುದಲ್ಲ. ಶಾಲೆಯ ಬಾಗಿಲು ತೆರೆದರೂ ಮಕ್ಕಳು ಬರಲಿಲ್ಲ! ಹೊಲದಲ್ಲಿ ಕಾಗೆ ಓಡಿಸುವ, ದನ ಕಾಯುವ ಹುಡುಗನು ಶಾಲೆಗೆ ಬಂದರೆ ಆ ದಿನ ಮನೆಯಲ್ಲಿ ಗಂಜಿಗೆ ಕೊರತೆ. ಅಕ್ಷರಕ್ಕಿಂತ ಮೊದಲು ಅನ್ನ ಬೇಕೆಂಬುದನ್ನು ರಾಯರು ಬೇಗನೆ ಅರಿತರು. ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಮಗುವಿನ ಗಳಿಕೆ ತಪ್ಪಿದುದಕ್ಕೆ ಪರಿಹಾರವಾಗಿ ದಿನಕ್ಕೆ ಎರಡು ಪೈಸೆಯನ್ನೂ ಕೊಟ್ಟರು. ಇಂದು ಸರಕಾರಿ ಶಾಲೆಗಳಲ್ಲಿ ಬಿಸಿಯೂಟವನ್ನು ಉಣ್ಣುವ ಮಕ್ಕಳಿಗೆ ಇದು ಸಾಮಾನ್ಯವೆಂದು ತೋರಬಹುದು. ನೂರಮೂವತ್ತು ವರ್ಷಗಳ ಹಿಂದೆ ಒಬ್ಬ ಖಾಸಗಿ ಗೃಹಸ್ಥನು ಇದನ್ನು ಮಾಡಿದನೆಂಬುದು ಸಣ್ಣ ಸಂಗತಿಯಲ್ಲ.

ಒಂದು ಅಗತ್ಯದ ಬೆನ್ನಿಗೆ ಇನ್ನೊಂದು ಕಾಣಿಸಿಕೊಂಡಿತು. ಓದು ಕಲಿತವನಿಗೆ ಕೆಲಸವೆಲ್ಲಿ? ಅದಕ್ಕಾಗಿ ಕೊಡಿಯಾಲಬೈಲಿನಲ್ಲಿ ಕೈಗಾರಿಕಾ ಶಿಕ್ಷಣದ ಏರ್ಪಾಡಾಯಿತು. ಕೆಲಸಗಾರನಿಗೆ ಮನೆಯೆಲ್ಲಿ? ಒಡೆಯನ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡವನು ಒಡೆಯನ ಮಾತನ್ನು ಮೀರಿ ಮಗನನ್ನು ಶಾಲೆಗೆ ಕಳುಹಿಸಲಾರ. ಆದುದರಿಂದ ರಾಯರು ಸರಕಾರಕ್ಕೆ ಅರ್ಜಿಗಳನ್ನು ಬರೆದು ಭೂಮಿಯನ್ನು ಪಡೆದು, ದಲಿತ ಕುಟುಂಬಗಳಿಗೆ ನಿವೇಶನಗಳನ್ನು ಹಂಚಿದರು. ವಕೀಲರಾಗಿ ಕಲಿತ ಬರವಣಿಗೆ ಇಲ್ಲಿ ಒಳ್ಳೆಯ ಕೆಲಸಕ್ಕೆ ಬಂದಿತು. ಸಹಕಾರ ಸಂಘವೂ ಹುಟ್ಟಿತು. ಕೊನೆಗೆ, ತಮ್ಮ ಮಾತನ್ನು ತಾವೇ ಆಡುವ ಸ್ಥಾನ ಈ ಜನಕ್ಕೆ ಬೇಕೆಂದು ಪ್ರಯತ್ನಿಸಿ, ಅಂಗಾರ ಮಾಸ್ತರರು ಮಂಗಳೂರು ಪುರಸಭೆಗೂ ಗೋವಿಂದ ಮಾಸ್ತರರು ಜಿಲ್ಲಾ ಬೋರ್ಡಿಗೂ ನಾಮಕರಣ ಹೊಂದುವಂತೆ ಮಾಡಿದರು.

ಈ ಎಲ್ಲ ಪ್ರಯತ್ನಗಳಿಂದ ದಲಿತರ ಅಗತ್ಯಗಳು ಎಷ್ಟರಮಟ್ಟಿಗೆ ಪೂರೈಸಿದವು? ಪ್ರಶ್ನೆಯನ್ನು ಕೇಳದೆ ಬರಿಯ ಸ್ತುತಿಯನ್ನು ಮಾಡುವುದು ರಾಯರಿಗೇ ಒಪ್ಪಿಗೆಯಾಗುತ್ತಿರಲಿಲ್ಲ. ಶಾಲೆಗೆ ಬಂದ ಮಕ್ಕಳ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ: ಅವರ ಬದುಕು ಬದಲಾಯಿತು, ಕೂಲಿಯವರ ಮಕ್ಕಳು ಉಪಾಧ್ಯಾಯರಾದರು. ಆದರೆ ಆ ಶಾಲೆಗಳು ಹಬ್ಬಿದುದು ಮಂಗಳೂರಿನ ಸುತ್ತಮುತ್ತ ಮತ್ತು ಕರಾವಳಿಯ ಕೆಲವು ಊರುಗಳಲ್ಲಿ. ಒಳನಾಡಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಮೂಲದಾಳಿಗೆ ಡಿ.ಸಿ.ಎಂ. ಎಂಬ ಹೆಸರೂ ತಿಳಿದಿರಲಾರದು. ನಿವೇಶನ ದೊರೆತವರಿಗೂ ಉಳುವ ಭೂಮಿ ದೊರೆಯಲಿಲ್ಲ. ಮೇಲಾಗಿ ಇದು ಒಬ್ಬ ದಯಾವಂತನ ಹಣ, ಶ್ರಮಗಳನ್ನೂ ದಾನಿಗಳ ಔದಾರ್ಯವನ್ನೂ ನೆಚ್ಚಿದ ಕಾರ್ಯ. ದಾನವನ್ನು ಪಡೆಯುವವನು ಕೃತಜ್ಞನಾಗಿರಬೇಕಾಗುತ್ತದೆ. ಹಕ್ಕನ್ನು ಪಡೆಯುವವನಿಗೆ ಆ ಭಾರವಿಲ್ಲ.

ಹಕ್ಕಿನ ಮಾತು ಗಟ್ಟಿಯಾಗಿ ಕೇಳಿಬಂದುದು ನಮ್ಮ ಮುಂಬಯಿ ಪ್ರಾಂತದಲ್ಲಿ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಇದೇ ಬಗೆಯ ಮಿಷನ್ನನ್ನು ಸ್ಥಾಪಿಸಿ ಪರೇಲಿನಲ್ಲಿ ಶಾಲೆಯನ್ನು ತೆರೆದರು. 1923ರಲ್ಲಿ ಎಸ್. ಕೆ. ಬೋಳೆಯವರ ಠರಾವಿನಂತೆ ಮುಂಬಯಿ ಶಾಸನಸಭೆಯು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಒಪ್ಪಿತು. ಆದರೆ ಕಾಗದದ ಮೇಲೆ ತೆರೆದ ಕೆರೆಯಿಂದ ನೀರು ಕುಡಿಯಲು 1927ರಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರನ್ನು ಮಹಾಡಕ್ಕೆ ಕರೆದೊಯ್ಯಬೇಕಾಯಿತು.

ಅಮೆರಿಕದ ನೀಗ್ರೋ ಜನರ ಚರಿತ್ರೆಯಲ್ಲಿಯೂ ಇದೇ ತೊಡಕು ಕಾಣುತ್ತದೆ. ಮಾರ್ಟಿನ್ ಲೂಥರ್ ಕಿಂಗರ ಹೋರಾಟದ ಫಲವಾಗಿ 1964ರಲ್ಲಿ ಭೇದಭಾವವನ್ನು ನಿಷೇಧಿಸುವ ಕಾನೂನೂ 1965ರಲ್ಲಿ ಮತದಾನದ ಹಕ್ಕನ್ನು ಕಾಪಾಡುವ ಕಾನೂನೂ ಬಂದವು. ಉಪಾಹಾರಗೃಹದ ಬಾಗಿಲು ತೆರೆಯಿತು; ಒಳಗೆ ಕುಳಿತು ಉಣ್ಣಲು ಜೇಬಿನಲ್ಲಿ ಹಣವಿರಲಿಲ್ಲ. ಅದಕ್ಕಾಗಿಯೇ ಕಿಂಗರು 1966ರಲ್ಲಿ ಶಿಕಾಗೋ ನಗರದಲ್ಲಿ ವಸತಿಯ ಪ್ರಶ್ನೆಯನ್ನೆತ್ತಿದರು. 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಅವರು ಗುಂಡಿಗೆ ಬಲಿಯಾದಾಗ, ಅಲ್ಲಿಗೆ ಅವರು ಹೋಗಿದ್ದುದು ಮುಷ್ಕರ ಹೂಡಿದ್ದ ಕಸ ಸಾಗಿಸುವ ಕಾರ್ಮಿಕರ ಬೆಂಬಲಕ್ಕೆ. ಅಲ್ಲಿ ಕಾನೂನು ಮೊದಲು ಬಂದು ಅನ್ನ ವಸತಿಗಳು ಹಿಂದುಳಿದವು. ಮಂಗಳೂರಿನಲ್ಲಿ ಅನ್ನ ವಸತಿಗಳು ಅಷ್ಟಿಷ್ಟು ಬಂದು ಕಾನೂನು ಹಿಂದುಳಿದಿತ್ತು.

ಊರಿಗೆ ಹೇಳುವುದನ್ನು ರಾಯರು ತಮ್ಮ ಮನೆಯಲ್ಲಿ ತಪ್ಪದೆ ನಡೆಸಿದರು. ಮಗಳು ರಾಧಾಬಾಯಿಯನ್ನು ಚೆನ್ನಾಗಿ ಓದಿಸಿ, ಬೇರೆ ಜಾತಿಯವರಾದ ಡಾ. ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ವಿವಾಹ ಮಾಡಿದರು. ಸುಬ್ಬರಾಯನ್ನರು ಮುಂದೆ ಮದ್ರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ಅವರ ಮಗ ಜನರಲ್ ಪಿ. ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಮುಪ್ಪಿನಲ್ಲಿ, 1927ರಲ್ಲಿ, ರಾಯರು ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ದೇಹವನ್ನು ಬಿಟ್ಟರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನಡೆಸಬೇಕೆಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ನಡೆಯಿತು. ತಾವು ಓದಿಸಿದ ಜನರ ಮಕ್ಕಳು ದೊಡ್ಡ ಉದ್ಯೋಗದಲ್ಲಿದ್ದು ಮೋಟಾರಿನಲ್ಲಿ ಓಡಾಡಬೇಕು, ಅದರ ಚಕ್ರದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂದು ಅವರು ಹಂಬಲಿಸಿದ್ದರು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ರಾಯರ ಕಾರ್ಯವನ್ನು ಕೊಂಡಾಡಿದರು. ಇಂದು ಮಂಗಳೂರಿನ ಪುರಭವನಕ್ಕೆ ರಾಯರ ಹೆಸರಿದೆ.

ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿ ರದ್ದುಗೊಳಿಸಿತು. ಅಜಲು ಪದ್ಧತಿಯನ್ನು ನಿಷೇಧಿಸಲು ಮಾತ್ರ ಕರ್ನಾಟಕವು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಅದು 2000ನೆಯ ಇಸವಿಯ ಕಾನೂನು. ಚಿಲಿಂಬಿಯ ಶಾಲೆಗೆ ಆಗ ನೂರೆಂಟು ವರ್ಷಗಳು ತುಂಬಿದ್ದವು.