ದೊಡ್ಡ ಸ್ವಾಮಿಯವರು ಮತ್ತು ಸಾತಹಳ್ಳಿಯ ಒಕ್ಕಲು ಮನೆಗಳು

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿದವರನ್ನೂ ಅದಕ್ಕಾಗಿ ಬೆವರು ಸುರಿಸಿದವರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಆದರೆ ಅವರಿಗಿಂತಲೂ ಬಹಳ ಮೊದಲೇ ಮೈಸೂರು ಸೀಮೆಯ ಈ ನೆಲವನ್ನು ಹದಗೊಳಿಸಿದ ಗುರುಗಳೊಬ್ಬರುಂಟು. ಗ್ರಂಥಾಲಯಗಳು ಅವರನ್ನು ಅಬ್ಬೆ ದುಬುವಾ ಎಂದು ಬಲ್ಲವು. ನಮ್ಮ ಜನರಿಗಾದರೋ ಅವರು ದೊಡ್ಡ ಸ್ವಾಮಿಯವರು.

ಜಾನ್ ಆಂತ್ವಾನ್ ದುಬುವಾ ಅವರು 1760ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಗ್ರಾಮವೊಂದರಲ್ಲಿ ಜನಿಸಿದರು. ಫ್ರಾನ್ಸಿನ ಮಹಾಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿದ್ದ 1792ರಲ್ಲಿ ಗುರುಪಟ್ಟ ಪಡೆದು, ಪ್ಯಾರಿಸ್ ವಿದೇಶಿ ಧರ್ಮಪ್ರಚಾರಕ ಸಂಸ್ಥೆಯ ಗುರುವಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಇಲ್ಲಿಗೆ ಬಂದವರು ಈ ದೇಶದ ಉಡುಪನ್ನೇ ಉಟ್ಟರು. ಮಾಂಸಾಹಾರವನ್ನು ತೊರೆದು ಈ ನಾಡಿನ ಊಟವನ್ನೇ ಉಂಡರು. ನಮ್ಮ ಭಾಷೆಗಳನ್ನು ಕಲಿತರು.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡು ಟಿಪ್ಪು ಸುಲ್ತಾನನು ಮಡಿದ ಮೇಲೆ ಅವರು ಮೈಸೂರು ಸೀಮೆಗೆ ಬಂದರು. ಇಲ್ಲಿನ ಕ್ರೈಸ್ತರ ಸ್ಥಿತಿಯು ಆಗ ಕರುಣಾಜನಕವಾಗಿತ್ತು. ಸುಲ್ತಾನನ ಕಾಲದಲ್ಲಿ ಬಲವಂತವಾಗಿ ಮತಾಂತರಗೊಂಡಿದ್ದವರು ಮರಳಿ ಬರಲು ಹಂಬಲಿಸುತ್ತಿದ್ದರು. ಗುರುಗಳಿಲ್ಲದೆ ಉಳಿದವರು ಚದುರಿ ಹೋಗಿದ್ದರು. ಸ್ವಾಮಿಯವರು ಅವರನ್ನು ಒಂದುಗೂಡಿಸಿದರು. ಗಂಜಾಮಿನಲ್ಲಿ ಅವರು ಕಟ್ಟಿಸಿದ ದೇವಾಲಯವು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತವಾಗಿದೆ.

ಆದರೆ ದೇವಾಲಯವೊಂದೇ ಜನರನ್ನು ನಿಲ್ಲಿಸಲಾರದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಭೂಮಿಯಿಲ್ಲದ ಮನುಷ್ಯನು ಕೂಲಿ ಸಿಕ್ಕೆಡೆಗೆ ಹೋಗುತ್ತಾನೆ. ಅವನೊಡನೆ ಹೆಂಡತಿ ಮಕ್ಕಳೂ ಹೋಗುತ್ತಾರೆ. ಮಕ್ಕಳ ಜ್ಞಾನಸ್ನಾನವೂ ಧರ್ಮೋಪದೇಶವೂ ದಾರಿಯಲ್ಲಿಯೇ ಉಳಿದುಹೋಗುತ್ತವೆ. ಆದುದರಿಂದ ಸ್ವಾಮಿಯವರು ಬಡ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಹಳ್ಳಿ. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವ ಆ ನೆಲದಲ್ಲಿ ಹೊಲಕ್ಕೆ ರಾಗಿ, ಗದ್ದೆಗೆ ಭತ್ತ. ಒಕ್ಕಲುತನವು ಒಬ್ಬನ ಕೆಲಸವಲ್ಲ. ಗಂಡಸು ಉತ್ತರೆ ಹೆಂಗಸು ಕಳೆ ಕೀಳಬೇಕು, ಹುಡುಗರು ದನ ಮೇಯಿಸಬೇಕು, ಕಣದಲ್ಲಿ ಮುದುಕರೂ ಕೈಗೂಡಿಸಬೇಕು. ಕುಟುಂಬವು ಒಂದೇ ಕಡೆ ನಿಲ್ಲಲು ಇದಕ್ಕಿಂತ ಗಟ್ಟಿಯಾದ ಕಟ್ಟು ಬೇರೊಂದಿಲ್ಲ. ಪುಸ್ತಕ ಬರೆದ ವಿದ್ವಾಂಸರು ಮಾತ್ರವೇ ಆಗಿದ್ದರೆ ಈ ಸೂಕ್ಷ್ಮವು ಅವರಿಗೆ ಹೊಳೆಯುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಸಿಡುಬು ಹಳ್ಳಿಹಳ್ಳಿಗಳನ್ನು ಬರಿದು ಮಾಡುತ್ತಿದ್ದ ಕಾಲವದು. 1803–04ರಲ್ಲಿ ಮೈಸೂರು ಸೀಮೆಯಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ಸ್ವಾಮಿಯವರು ಮುಂದಾದರು. ಆಗ ದೇವಿ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲಾಗಿದೆ. ಸೂಜಿಯೆಂದರೆ ಇಂದಿಗೂ ಹೆದರಿ ಹಿಂಜರಿಯುವ ನಮ್ಮ ಕೆಲವು ಮನೆಗಳವರು ಈ ಸಂಖ್ಯೆಯನ್ನು ಒಮ್ಮೆ ಗಮನಿಸಬೇಕು!

ಈ ದೇಶದ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥವು ಲೋಕಪ್ರಸಿದ್ಧ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಎರಡು ಸಾವಿರ ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಹೆಚ್ಚಿನ ಭಾಗವು ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೇರ್ದು ಅವರ ಬರಹದಿಂದ ಬಂದುದೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಸಾತಹಳ್ಳಿಯ ಹೊಲಗಳನ್ನು ಅವರು ಯಾರ ಹಸ್ತಪ್ರತಿಯಿಂದಲೂ ನಕಲು ಮಾಡಲಿಲ್ಲ.

ಇನ್ನೊಂದು ಸಂಗತಿಯು ಗುರುವಾದ ನನ್ನನ್ನು ಹೆಚ್ಚು ಕಾಡುತ್ತದೆ. ಮೂವತ್ತು ವರ್ಷಗಳ ದುಡಿಮೆಯ ನಂತರ, 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ ಈ ನಾಡಿನಲ್ಲಿ ಕ್ರೈಸ್ತಧರ್ಮವು ಬೇರೂರುವ ಆಸೆಯನ್ನೇ ಅವರು ಬಹುಮಟ್ಟಿಗೆ ಕೈಬಿಟ್ಟಿದ್ದರು. ಅನ್ಯ ಸಭೆಗಳ ಪಾದ್ರಿಗಳು ಆ ಮಾತನ್ನು ಖಂಡಿಸಿ ಬರೆದರು. ದಣಿದ ಮನಸ್ಸಿನ ಮಾತೆಂದು ನಾನು ಅದನ್ನು ಕ್ಷಮಿಸಬಲ್ಲೆ. ಬಿತ್ತಿದವನು ಬೆಳೆ ಕೊಯ್ಲಿಗೆ ಬರುವ ಮುನ್ನವೇ ಹೊಲ ಬಿಟ್ಟು ಹೊರಟಂತೆ ಅದು. ಅವರು ಹೊರಟ ಮೇಲೆ 1850ರಲ್ಲಿ ಮೈಸೂರು ಪ್ರತ್ಯೇಕ ಅಪೋಸ್ತಲಿಕ ಪ್ರಾಂತವಾಯಿತು, 1886ರಲ್ಲಿ ಧರ್ಮಪ್ರಾಂತವಾಯಿತು. 1963ರಲ್ಲಿ ಹಾಸನ ಸೀಮೆಯು ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿತು.

ಪ್ಯಾರಿಸಿಗೆ ಮರಳಿದ ಸ್ವಾಮಿಯವರು ತಮ್ಮ ಸಂಸ್ಥೆಯ ಗುರುಮಠದಲ್ಲಿ ಸೇವೆ ಸಲ್ಲಿಸಿ, 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿದ್ದರು. ಅಲ್ಲಿ ಕುಳಿತು ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ಅವರು ನೆಲೆ ನಿಲ್ಲಿಸಿದ ಹೊಲಗಳನ್ನು ಮತ್ತೆ ಕಾಣಲಿಲ್ಲ. 1848ರ ಫೆಬ್ರವರಿ 17ರಂದು ಅಲ್ಲಿಯೇ ದೈವಾಧೀನರಾದರು. ಆ ವೇಳೆಗೆ ಸಾತಹಳ್ಳಿಯಲ್ಲಿ ಅವರು ನೆಲೆಗೊಳಿಸಿದ ಮನೆಗಳ ಮೊಮ್ಮಕ್ಕಳು ನೇಗಿಲು ಹಿಡಿಯುವ ವಯಸ್ಸಿಗೆ ಬಂದಿದ್ದಿರಬೇಕು.