ಕಸುಬಿಗೆ ಗೌರವ ತಂದ ದಿವಾನ

ಶಿರಾ: ಬಯಲುಸೀಮೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಉದ್ಯೋಗ ಮೇಳವೆಂದರೆ ಪದವಿ ಪ್ರಮಾಣಪತ್ರ ಹಿಡಿದ ಯುವಜನರ ಉದ್ದನೆಯ ಸಾಲು. ಕೆಲಸ ಕೊಡಲು ಬಂದವರು ಕೇಳುವುದು ಮಾತ್ರ ಕೈಗೆ ಒಲಿದ ಕಸುಬನ್ನು. ಓದಿಗೂ ಕೆಲಸಕ್ಕೂ ನಡುವಿನ ಈ ಕಂದರವನ್ನು ನೂರು ವರ್ಷಗಳಿಗೂ ಹಿಂದೆ ಗುರುತಿಸಿ, ಅದನ್ನು ತುಂಬಲು ಬ್ಯಾಂಕು, ಶಾಲೆ, ಕಾರ್ಖಾನೆಗಳನ್ನು ಒಂದೇ ಯೋಜನೆಯೊಳಗೆ ತಂದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಕನ್ನಂಬಾಡಿ ಕಟ್ಟೆಯ ಶಿಲ್ಪಿಯೆಂದು ನಾಡು ಅವರನ್ನು ನೆನೆಯುತ್ತದೆ. ಉದ್ಯೋಗಾಕಾಂಕ್ಷಿಗಳಿಗಾಗಿ ಅವರು ಮಾಡಿದ ಕೆಲಸ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕುಶಲಕರ್ಮಿಗಳನ್ನು ಕಳೆದುಕೊಂಡ ಊರು

ಕೌಶಲವಿದ್ದ ಜನ ಊರು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶಿರಾದ ಇತಿಹಾಸವೇ ಸಾಕ್ಷಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇದು ಮೊಗಲರ ಸುಬಾದ ರಾಜಧಾನಿ. ದಿಲಾವರ್ ಖಾನನ ಆಳ್ವಿಕೆಯಲ್ಲಿ ಪಟ್ಟಣ ಏಳಿಗೆಯ ತುದಿ ತಲುಪಿತ್ತು. ಅವನ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತು. ಮುಂದೆ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಬಳಿ ಗಂಜಾಂ ಬಡಾವಣೆ ಕಟ್ಟಿದಾಗ, ಅದನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತೆಂದು ಗೆಜೆಟಿಯರ್ ದಾಖಲಿಸಿದೆ. ಊರು ಮತ್ತೆ ಆ ವೈಭವಕ್ಕೆ ಮರಳಲಿಲ್ಲ. ಕುರಿ ಸಾಕಣೆ, ಕಂಬಳಿ ನೇಯ್ಗೆ, ಮಳೆಯಾಶ್ರಿತ ಬೇಸಾಯ ಇಲ್ಲಿನ ಜನರ ಆಸರೆಯಾಗಿ ಉಳಿದವು.

ವಿಶ್ವೇಶ್ವರಯ್ಯನವರು ಮೈಸೂರಿನ ಆಡಳಿತಕ್ಕೆ ಬಂದಾಗ ಸಂಸ್ಥಾನದ ಬಹುಪಾಲು ಇದೇ ಸ್ಥಿತಿಯಲ್ಲಿತ್ತು. ಹಳ್ಳಿಯಲ್ಲಿ ಬೇಸಾಯ ಬಿಟ್ಟರೆ ಬೇರೆ ದಾರಿಯಿಲ್ಲ. ಓದಿದವರಿಗೆ ಸರ್ಕಾರಿ ಗುಮಾಸ್ತಗಿರಿಯೇ ಗುರಿ.

ಪಾಠ ಹೇಳಿ ಓದಿದ ಹುಡುಗ

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಓದು ಸುಲಭದ ಮಾತಾಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿದರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರ ನೀಡಿದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಬಡ ವಿದ್ಯಾರ್ಥಿಯೊಬ್ಬನಿಗೆ ಸರ್ಕಾರದ ನೆರವು ಮತ್ತು ತಾಂತ್ರಿಕ ಶಿಕ್ಷಣ ಎರಡೂ ಸೇರಿದರೆ ಬದುಕು ಹೇಗೆ ತಿರುಗುತ್ತದೆ ಎಂಬುದನ್ನು ಅವರು ಸ್ವಂತ ಅನುಭವದಿಂದಲೇ ಅರಿತಿದ್ದರು. 1898ರಲ್ಲಿ ಕೈಗೊಂಡ ಜಪಾನ್ ಪ್ರವಾಸ ಆ ಅರಿವಿಗೆ ದೊಡ್ಡ ಚೌಕಟ್ಟು ಒದಗಿಸಿತು. ಕೆಲವೇ ದಶಕಗಳಲ್ಲಿ ಆ ದೇಶ ಕೈಗಾರಿಕಾ ರಾಷ್ಟ್ರವಾಗಿ ಬೆಳೆದುದರ ಹಿಂದೆ ಸಾರ್ವತ್ರಿಕ ಶಿಕ್ಷಣ ಮತ್ತು ವೃತ್ತಿ ತರಬೇತಿ ಇರುವುದನ್ನು ಅವರು ಕಂಡರು.

ತಾಲ್ಲೂಕಿಗೂ ಇಳಿದ ಸಮ್ಮೇಳನ

ಮುಂಬಯಿ ಸೇವೆಯಿಂದ ನಿವೃತ್ತರಾಗಿ, ಹೈದರಾಬಾದಿನ ಮೂಸಿ ನದಿಯ ಪ್ರವಾಹ ನಿಯಂತ್ರಣದ ಕೆಲಸದಲ್ಲಿ ತೊಡಗಿದ್ದ ಅವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಶಿಕ್ಷಣ, ಬೇಸಾಯ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಪ್ರತ್ಯೇಕ ಸಮಿತಿಗಳು ಏರ್ಪಟ್ಟವು. ಜಿಲ್ಲೆ, ತಾಲ್ಲೂಕುಗಳ ಮಟ್ಟದಲ್ಲೂ ಸಮಿತಿಗಳನ್ನು ರಚಿಸಲಾಯಿತು. ಅಧಿಕಾರಿಗಳು, ವರ್ತಕರು, ರೈತರು ಒಂದೆಡೆ ಕುಳಿತು ತಮ್ಮ ಸೀಮೆಯಲ್ಲಿ ಏನು ತಯಾರಿಸಬಹುದು, ಯಾರಿಗೆ ಯಾವ ತರಬೇತಿ ಬೇಕು ಎಂದು ಚರ್ಚಿಸುವ ವ್ಯವಸ್ಥೆ ಹೊಸದಾಗಿತ್ತು.

1912ರಲ್ಲಿ ಅವರನ್ನು ದಿವಾನ್ ಪದವಿಗೆ ಆರಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಪದವಿ ಒಪ್ಪುವ ಮೊದಲು ಬಂಧುಬಳಗವನ್ನು ಕರೆದು, ತಮ್ಮಿಂದ ಶಿಫಾರಸು ಕೇಳಬಾರದೆಂಬ ಷರತ್ತು ಹಾಕಿದರೆಂಬುದು ಜನಜನಿತ ಸಂಗತಿ.

ಮುಂದಿನ ಆರು ವರ್ಷಗಳು ಸಂಸ್ಥೆಗಳನ್ನು ಕಟ್ಟುವ ವರ್ಷಗಳಾದವು. ಉದ್ಯಮ ಆರಂಭಿಸುವವರಿಗೆ ಬಂಡವಾಳ ಸಿಗಲೆಂದು 1913ರಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ ತೆರೆದವು. 1916ರಲ್ಲಿ ವರ್ತಕರು, ಉದ್ಯಮಿಗಳ ಸಂಘಟನೆಯಾಗಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಗೊಂಡವು. ಗಂಧದೆಣ್ಣೆ ಮತ್ತು ಸಾಬೂನು ಕಾರ್ಖಾನೆಗಳೂ ಈ ಅವಧಿಯವೇ. ಸಂಸ್ಥಾನದ ಶಾಲೆಗಳ ಸಂಖ್ಯೆ ದುಪ್ಪಟ್ಟನ್ನೂ ಮೀರಿತು.

ಹುದ್ದೆ ಯಾರಿಗೆ?

ಇಷ್ಟೆಲ್ಲ ನಡೆದರೂ ಒಂದು ಪ್ರಶ್ನೆ ಬಗೆಹರಿದಿರಲಿಲ್ಲ. ಇರುವ ಸರ್ಕಾರಿ ಹುದ್ದೆಗಳು ಯಾರಿಗೆ ಸೇರಬೇಕು? ಸಂಸ್ಥಾನದ ಬಹುತೇಕ ಹುದ್ದೆಗಳಲ್ಲಿ ಬ್ರಾಹ್ಮಣರೇ ಇದ್ದರು. 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿ ಹಿಂದುಳಿದವರ ಪರವಾಗಿ ಪಾಲು ಕೇಳಿತು. ಮರುವರ್ಷ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು.

ದಿವಾನರ ನಿಲುವು ಬೇರೆಯಾಗಿತ್ತು. ಹುದ್ದೆಗಳ ನೇಮಕಕ್ಕೆ ಅರ್ಹತೆಯೇ ಅಳತೆಗೋಲಾಗಬೇಕು, ಹಿಂದುಳಿದವರಿಗೆ ವಿದ್ಯೆ ಮತ್ತು ವಿದ್ಯಾರ್ಥಿವೇತನದ ಮೂಲಕ ಬಲ ತುಂಬಬೇಕು ಎಂಬುದು ಅವರ ವಾದ. ಈ ಭಿನ್ನಾಭಿಪ್ರಾಯದ ನಡುವೆ 1918ರ ಕೊನೆಯಲ್ಲಿ ಅವರು ಅಧಿಕಾರ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಮಿಲ್ಲರ್ ಸಮಿತಿ ಶಿಫಾರಸು ಮಾಡಿತು.

ಶಿರಾದಂತಹ ತಾಲ್ಲೂಕಿನ ಕುರುಬರ, ಒಕ್ಕಲಿಗರ, ದಲಿತರ ಮಕ್ಕಳ ದೃಷ್ಟಿಯಿಂದ ನೋಡಿದರೆ ದಿವಾನರ ಯೋಜನೆಯ ಮಿತಿ ಕಾಣುತ್ತದೆ. ಶಾಲೆ ತೆರೆದರೂ ತಲೆಮಾರುಗಳ ಅಂತರ ತಾನಾಗಿ ಮುಚ್ಚುವುದಿಲ್ಲ. ಕಾಯಲು ಹೇಳುವುದು ಮುಂದಿದ್ದವರಿಗೆ ಸುಲಭ, ಕಾಯಬೇಕಾದದ್ದು ಹಿಂದುಳಿದವರು. ಅದೇ ವೇಳೆ ಸರ್ಕಾರಿ ಹುದ್ದೆಗಳನ್ನು ಎಷ್ಟೇ ನ್ಯಾಯವಾಗಿ ಹಂಚಿದರೂ ಎಲ್ಲರಿಗೂ ಸಾಲುವುದಿಲ್ಲ. ಹೊಸ ಉದ್ಯೋಗಗಳನ್ನೇ ಸೃಷ್ಟಿಸಬೇಕೆಂಬ ಅವರ ಹಂಬಲದ ಬೆಲೆಯೂ ಅಲ್ಲಿಯೇ ಇದೆ. ನಾಡಿಗೆ ಎರಡೂ ಬೇಕಾಗಿದ್ದವು.

ಸಂಬಳವೇ ಶಾಲೆಯಾಯಿತು

ಅಧಿಕಾರ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಸಿಲುಕಿದಾಗ, ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ದುಡಿದರು. ವೆಚ್ಚ ತಗ್ಗಿಸುವುದರ ಜೊತೆಗೆ, ವಿದೇಶಿ ತಜ್ಞರು ಮಾಡುತ್ತಿದ್ದ ಕೆಲಸಕ್ಕೆ ಸ್ಥಳೀಯರನ್ನು ಸಜ್ಜುಗೊಳಿಸುವುದು ಅವರ ಕಾರ್ಯಸೂಚಿಯಲ್ಲಿತ್ತು.

ಈ ಸೇವೆಗಾಗಿ ಸರ್ಕಾರದಿಂದ ಬರಬೇಕಿದ್ದ ಸುಮಾರು 2 ಲಕ್ಷ ರೂಪಾಯಿಯನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಆ ಹಣ ಹೋಗಲಿ ಎಂದರು. ಸಂಸ್ಥೆಗೆ ತಮ್ಮ ಹೆಸರು ಬೇಡವೆಂದೂ ತಿಳಿಸಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇಂದು ಅದು ಸರ್ಕಾರಿ ಎಸ್.ಜೆ. ಪಾಲಿಟೆಕ್ನಿಕ್.

ಅಲ್ಲಿ ಛಾಯಾಗ್ರಹಣದ ಡಿಪ್ಲೊಮಾಕ್ಕೂ ಸ್ಥಾನವಿತ್ತು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಆ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗುರುದತ್ ಚಿತ್ರಗಳ ನೆರಳು ಬೆಳಕಿಗೆ ರೂಪ ಕೊಟ್ಟರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಇದೇ ಸಂಸ್ಥೆಯಲ್ಲಿ ಕ್ಯಾಮೆರಾ ಕಲಿತವರು.

ಕೊನೆಯವರೆಗೂ ಹಳ್ಳಿಯ ಚಿಂತೆ

1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯನ್ನು ಕಟ್ಟಿದ ವಿಶ್ವೇಶ್ವರಯ್ಯನವರು, ಸ್ವಾತಂತ್ರ್ಯಾನಂತರ ಗ್ರಾಮೀಣ ಕೈಗಾರಿಕೀಕರಣದ ಯೋಜನೆಯತ್ತ ಹೊರಳಿದರು. ಹಳ್ಳಿಗಳನ್ನು ಗುಂಪುಗಳಾಗಿ ಜೋಡಿಸಿ, ಬೇಸಾಯದ ಜೊತೆಗೆ ಸಣ್ಣ ಉದ್ಯಮಗಳನ್ನು ಬೆಳೆಸಿ ಆದಾಯ ಹೆಚ್ಚಿಸುವುದು ಅದರ ತಿರುಳು. ಆಗ ಅವರಿಗೆ ತೊಂಬತ್ತರ ಹತ್ತಿರ. 1955ರಲ್ಲಿ ಭಾರತರತ್ನ ಗೌರವ ಬಂತು. ನೂರು ತುಂಬಿಸಿ, 1962ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ಪಾವಗಡದ ತಿರುಮಣಿ ಸೀಮೆಯಲ್ಲಿ ಈಗ ಸೌರ ಫಲಕಗಳು ಹರಡಿವೆ. ಶಿರಾದ ಮೂಲಕ ಬೆಂಗಳೂರು–ಪುಣೆ ಹೆದ್ದಾರಿ ಸಾಗುತ್ತದೆ. ಕೆಲಸಗಳ ಸ್ವರೂಪ ಬದಲಾದರೂ ದಿವಾನರು ಹಾಕಿಕೊಂಡ ಕ್ರಮ ಹಳತಾಗಿಲ್ಲ: ಮೊದಲು ಕಸುಬು, ಜೊತೆಗೆ ಬಂಡವಾಳ, ಆಮೇಲೆ ಉದ್ಯೋಗ. ಮೇಳದ ಒಂದು ದಿನದಲ್ಲಿ ಸಂದರ್ಶನ ನಡೆಸಬಹುದು. ಅದಕ್ಕೆ ಬೇಕಾದ ಸಿದ್ಧತೆಗೆ ವರ್ಷಗಳು ಬೇಕು. ಆ ಸಿದ್ಧತೆಗೆಂದೇ ಅವರು ತಮ್ಮ ದುಡಿಮೆಯ ಹಣವನ್ನು ಎತ್ತಿಟ್ಟರು.