ಒಂಟಿ ಕೈ, ಒಂದು ಹಿಡಿ ಕಾಳು

ಅಪ್ಪ ಮದ್ದೂರಿನಿಂದ ಸೊಗಡವರೆ ತಂದಿದ್ದರೂ ಅಮ್ಮ ಹಿದುಕಬೇಳೆ ಸಾರು ಮುಟ್ಟಲಿಲ್ಲ. ಕಾಳಿನಲ್ಲಿರುವ ಲೆಕ್ಟಿನ್ ಥೈರಾಯ್ಡ್ ಇರುವವರಿಗೆ ವಿಷವೆಂದು ಮಳವಳ್ಳಿಯ ಚಿಕ್ಕಮ್ಮ ವಾಟ್ಸ್ಆ್ಯಪ್ ಸಂದೇಶ ಕಳಿಸಿದ್ದರು. ಈ ಲೆಕ್ಟಿನ್ ಏನೆಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಜೇಮ್ಸ್ ಸಮ್ನರ್ ಎಂಬ ವಿಜ್ಞಾನಿಯ ಬದುಕು.

1887ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಸಮ್ನರ್ ಎಡಚರು. 17ನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಜೊತೆಗಾರನ ಗುಂಡು ತಗುಲಿ ಅದೇ ಎಡಗೈ ಹೋಯಿತು. ಹಟ ಹಿಡಿದು ಬಲಗೈ ಪಳಗಿಸಿಕೊಂಡರು, ಟೆನಿಸ್ ಕೂಡ ಆಡಿದರು. ಒಂಟಿ ಕೈಯವರಿಗೆ ರಸಾಯನಶಾಸ್ತ್ರ ಒಗ್ಗದು, ಕಾನೂನು ಓದುವುದೇ ಲೇಸು ಎಂದು ಹಾರ್ವರ್ಡ್‌ನ ಪ್ರೊಫೆಸರ್ ಆಟೊ ಫೋಲಿನ್ ಬುದ್ಧಿ ಹೇಳಿದರು. ಸಮ್ನರ್ 1914ರಲ್ಲಿ ಅವರ ಬಳಿಯೇ ಪಿಎಚ್.ಡಿ. ಮುಗಿಸಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿ ಅವರು ಹಿಡಿದದ್ದು ಜ್ಯಾಕ್ ಬೀನ್ ಎಂಬ ಕಾಳನ್ನು. ಅದು ನಮ್ಮ ಅವರೆಯ ದೂರದ ನೆಂಟ. ಅದರಲ್ಲಿರುವ ಯೂರಿಯೇಸ್ ಕಿಣ್ವವನ್ನು ಬೇರ್ಪಡಿಸಲು ಒಂಬತ್ತು ವರ್ಷ ಹಿಡಿಯಿತು. 1926ರಲ್ಲಿ ಹರಳು ಸಿಕ್ಕಾಗ, ಕಿಣ್ವವೆಂದರೆ ಪ್ರೋಟೀನ್ ಎಂದು ಸಾರಿದರು. ಜರ್ಮನಿಯ ಘಟಾನುಘಟಿಗಳು ಒಪ್ಪಲಿಲ್ಲ. 1930ರಲ್ಲಿ ಜಾನ್ ನಾರ್ಥ್‌ರಾಪ್ ಪೆಪ್ಸಿನ್ ಹರಳು ತೆಗೆದ ಮೇಲೆ ಸಮ್ನರ್ ಮಾತಿಗೆ ಬೆಲೆ ಬಂತು. 1946ರಲ್ಲಿ ನೊಬೆಲ್ ಬಹುಮಾನವೂ ಬಂತು. 1955ರಲ್ಲಿ ಅವರು ತೀರಿಕೊಂಡರು.

ಅದೇ ಕಾಳಿನಿಂದ 1919ರಲ್ಲೇ ಅವರು ಕಾಂಕನವಾಲಿನ್-ಎ ಎಂಬ ಇನ್ನೊಂದು ಪ್ರೋಟೀನ್ ತೆಗೆದಿದ್ದರು. ಅದೊಂದು ಲೆಕ್ಟಿನ್. ಅದು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಸಕ್ಕರೆ ಬೆರೆಸಿದರೆ ಹಿಡಿತ ಸಡಿಲಿಸುತ್ತದೆ ಎಂದು 1936ರಲ್ಲಿ ತೋರಿಸಿದರು. ಅಂದರೆ ಲೆಕ್ಟಿನ್ ಹಿಡಿಯುವುದು ಜೀವಕೋಶದ ಮೈಮೇಲಿನ ಸಕ್ಕರೆಯ ಎಳೆಗಳನ್ನು. ಥೈರಾಯ್ಡ್ ಕೋಶವನ್ನು ಎಚ್ಚರಿಸುವ ಟಿಎಸ್‌ಎಚ್ ಹಾರ್ಮೋನಿನಲ್ಲೂ, ಅದನ್ನು ಬರಮಾಡಿಕೊಳ್ಳುವ ಗ್ರಾಹಕದಲ್ಲೂ ಇಂಥ ಎಳೆಗಳಿವೆ. ಆದ್ದರಿಂದಲೇ ಮುಂದೆ ಸಂಶೋಧಕರು ಥೈರಾಯ್ಡ್ ಕೋಶಗಳ ಮೇಲೆ ಲೆಕ್ಟಿನ್ ಹಾಕಿ, ಹಾರ್ಮೋನಿನ ಕರೆಗೆ ಅವು ಹೇಗೆ ಓಗೊಡುತ್ತವೆ ಎಂದು ಪರೀಕ್ಷಿಸಿದರು.

ಆದರೆ ಪ್ರಯೋಗಾಲಯದ ಗಾಜಿನ ತಟ್ಟೆಯೇ ಬೇರೆ, ನಮ್ಮ ಊಟದ ತಟ್ಟೆಯೇ ಬೇರೆ. ಕಾಳನ್ನು ಚೆನ್ನಾಗಿ ಬೇಯಿಸಿದರೆ ಲೆಕ್ಟಿನ್ ತನ್ನ ಕಸುವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಆದರೂ ನನ್ನ ಓದನ್ನೇ ನಂಬದೆ ಅಮ್ಮನನ್ನು ಮಂಡ್ಯದ ಡಾಕ್ಟರ ಬಳಿ ಕರೆದೊಯ್ದೆ. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ತಪ್ಪದೆ ತೆಗೆದುಕೊಳ್ಳಿ, ಬೆಂದ ಅವರೆಗೆ ಹೆದರಬೇಡಿ ಎಂದರು.

ಪರೀಕ್ಷಿಸದೆ ಕೊಟ್ಟ ತೀರ್ಪನ್ನು ಸಮ್ನರ್ ಒಪ್ಪಿಕೊಂಡಿದ್ದರೆ ವಕೀಲರಾಗಿರುತ್ತಿದ್ದರು. ಮೊನ್ನೆ ಅಮ್ಮ ಎರಡು ಸಲ ಸಾರು ಬಡಿಸಿಕೊಂಡರು. ಚಿಕ್ಕಮ್ಮನಿಗೆ ಫೋನ್ ಮಾಡಿದ್ದೂ ಅವರೇ.